ಪಾದರಕ್ಷೆಯೂ ಅಂತಸ್ತೂ: ಫಿಲಿಪ್ಪೀನ್ಸಿನಿಂದ ಒಂದು ನೋಟ

ಏಷ್ಯಾ ಖಂಡದಲ್ಲಿ ಅತ್ಯಧಿಕ ಸಂಖ್ಯೆಯ ಕಥೋಲಿಕರನ್ನು ಹೊಂದಿರುವ ದೇಶ ಫಿಲಿಪ್ಪೀನ್ಸ್. ಆ ವಿಶ್ವಾಸಿಗಳ ನಾಡಿನಲ್ಲಿಯೂ ಮನುಷ್ಯನ ಅಂತಸ್ತನ್ನು ಅವನ ಕಾಲು ನೋಡಿ ಅಳೆಯುವ ರೂಢಿ ಬೇರುಬಿಟ್ಟಿದೆ.

ಹಿಂದೆ ಅಲ್ಲಿನ ಬಡವರು ಮೆಟ್ಟುತ್ತಿದ್ದುದು 'ಬಾಕ್ಯಾ'. ಹಗುರ ಮರದಲ್ಲಿ ಕೆತ್ತಿ, ಮೇಲೊಂದು ಪಟ್ಟಿ ಜಡಿದ ಮೆಟ್ಟು. ನಮ್ಮಲ್ಲಿ ಮರದ ಹಾವುಗೆಗೆ ಸನ್ಯಾಸದ ಗೌರವವುಂಟು. ಬಾಕ್ಯಾಕ್ಕೆ ದಕ್ಕಿದ್ದು ತಾತ್ಸಾರ ಮಾತ್ರ. ಸಾಮಾನ್ಯ ಪ್ರೇಕ್ಷಕರನ್ನು 1950ರ ದಶಕದಲ್ಲಿ 'ಬಾಕ್ಯಾ ಜನ' ಎಂದು ಹೀಗಳೆದವರು ಚಿತ್ರನಿರ್ದೇಶಕ ಲ್ಯಾಂಬರ್ಟೊ ಅವೆಲ್ಲಾನ ಎಂದು ಹೇಳಲಾಗುತ್ತದೆ. ರಬ್ಬರ್ ಚಪ್ಪಲಿ ಬಂದು ಮರದ ಮೆಟ್ಟು ಮರೆಯಾದರೂ 'ಅಭಿರುಚಿಯಿಲ್ಲದವರು' ಎಂಬ ಅರ್ಥದಲ್ಲಿ ಆ ನುಡಿ ಉಳಿದುಕೊಂಡಿತು.

ಇನ್ನೊಂದು ತುದಿಯನ್ನು ಜಗತ್ತೇ ಬಲ್ಲದು. ಜಪಮಾಲೆ ಹಿಡಿದು ಬೀದಿಗಿಳಿದ ಜನಶಕ್ತಿಗೆ ಮಣಿದು ಅಧ್ಯಕ್ಷ ಮಾರ್ಕೋಸ್ ದಂಪತಿಗಳು 1986ರ ಫೆಬ್ರವರಿ 25ರಂದು ಪಲಾಯನ ಮಾಡಿದಾಗ, ಅರಮನೆಯಲ್ಲಿ ಇಮೆಲ್ಡಾ ಅವರ ಸಾವಿರಕ್ಕೂ ಹೆಚ್ಚು ಜೊತೆ ಪಾದರಕ್ಷೆಗಳು ಉಳಿದಿದ್ದವು. ಅವುಗಳಲ್ಲಿ ನೂರಾರನ್ನು ಮರಿಕಿನಾದಲ್ಲಿ 2001ರಲ್ಲಿ ತೆರೆದ ಸಂಗ್ರಹಾಲಯದಲ್ಲಿ ಇರಿಸಲಾಯಿತು. ಮರಿಕಿನಾ 1887ರಿಂದ ಪಾದರಕ್ಷೆ ತಯಾರಿಸಿ ಬದುಕಿದ ಊರು. ಹೊಲಿದವರ ಊರಿನಲ್ಲಿ ಮೆಟ್ಟಿದವರ ವೈಭವಕ್ಕೆ ಗಾಜಿನ ಕಪಾಟು! ಇರಲಿ.

ಬಡವರ ಚಪ್ಪಲಿಗೆ ಮರ್ಯಾದೆ ತಂದುಕೊಟ್ಟವರು ಬಿಕೋಲ್ ಪ್ರಾಂತ್ಯದ ನಾಗಾ ನಗರದ ಜೆಸ್ಸಿ ರೊಬ್ರೆಡೊ. 1988ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ ಮೇಯರ್ ಆದ ಅವರು ಅಂಗಿ, ಚಡ್ಡಿ, ರಬ್ಬರ್ ಚಪ್ಪಲಿಯಲ್ಲೇ ಓಣಿಗಳನ್ನು ಸುತ್ತುತ್ತಿದ್ದರು. ಚಂಡಮಾರುತ ಬೀಸಿ ಹೋದ ಮೇಲೆ ಸಲಿಕೆ ಹಿಡಿದು ರಸ್ತೆಯ ಕೆಸರನ್ನು ತಾವೇ ಬಾಚಿದರು. ಚಪ್ಪಲಿ ಮೆಟ್ಟಿ ಬಂದ ಬಡವನು ನಗರಸಭೆಯ ಬಾಗಿಲಲ್ಲಿ ಹಿಂಜರಿಯಬಾರದೆಂಬುದು ಅವರ ಆಡಳಿತದ ರೀತಿಯಾಗಿತ್ತು. ಜನರು ಅದನ್ನು 'ಚಪ್ಪಲಿ ನಾಯಕತ್ವ' ಎಂದು ಕರೆದರು. ನಮ್ಮ ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಸಂದ ಮ್ಯಾಗ್ಸೆಸೆ ಪ್ರಶಸ್ತಿ 2000ದಲ್ಲಿ ಅವರಿಗೂ ಸಂದಿತು. ಸಚಿವರಾಗಿದ್ದಾಗ, 2012ರ ಆಗಸ್ಟ್ 18ರಂದು ಮಸ್ಬಾಟೆ ಬಳಿ ವಿಮಾನ ಸಮುದ್ರಕ್ಕುರುಳಿ ತೀರಿಕೊಂಡರು. ಅವರ ಅನಂತರ ಚಪ್ಪಲಿ ಮೆಟ್ಟಿ ಮತ ಕೇಳಿದ ರಾಜಕಾರಣಿಗಳು ಅನೇಕರು. ಮೆಟ್ಟುವುದು ಸುಲಭ, ಕೆಸರು ಬಾಚುವುದು ಕಷ್ಟ.

ಪ್ರತಿವರ್ಷ ಸೆಪ್ಟೆಂಬರಿನಲ್ಲಿ ಇದೇ ನಾಗಾದಲ್ಲಿ ಪೆನ್ಯಾಫ್ರಾನ್ಸಿಯಾ ಮಾತೆಯ ಪ್ರತಿಮೆಯನ್ನು ಪ್ರಧಾನ ದೇವಾಲಯಕ್ಕೆ ಕೊಂಡೊಯ್ಯುತ್ತಾರೆ. ಹೊರುವ ಗಂಡಸರಿಗೆ 'ವೊಯಾದೋರ್'ಗಳೆಂದು ಹೆಸರು. ವಕೀಲನಿರಲಿ, ಬೆಸ್ತನಿರಲಿ, ಆ ನೂಕುನುಗ್ಗಲಿನಲ್ಲಿ ಅವರು ಹೆಗಲಿಗೆ ಹೆಗಲು ತಾಗಿಸಿ ಬರಿಗಾಲಲ್ಲಿ ನಡೆಯುತ್ತಾರೆ.