ಹಳೆಯ ಪಟದಲ್ಲಿನ ಸೈನ್ಯದ ಲಾರಿ

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ತೊಂಬತ್ತು ದಾಟಿದ ಅಜ್ಜಿಯೊಬ್ಬರಿದ್ದಾರೆ. ಅವರ ಮನೆಯ ಗೋಡೆಯ ಮೇಲೆ ಒಂದು ಪಟ ಉಂಟು. ಖಾಕಿ ತೊಟ್ಟ ತರುಣನೊಬ್ಬ ಸೈನ್ಯದ ಲಾರಿಯ ಮಡ್‌ಗಾರ್ಡಿಗೆ ಒರಗಿ ನಿಂತಿದ್ದಾನೆ. ಅವರು ಅಜ್ಜಿಯ ಅಣ್ಣ. ಎರಡನೆಯ ಮಹಾಯುದ್ಧಕ್ಕೆ ಚಾಲಕರಾಗಿ ಹೋದವರು ಹಿಂದಿರುಗಲಿಲ್ಲ. ಅವರ ಕೊನೆಯ ಕಾಗದ ಬಂದದ್ದು ೧೯೪೧ರ ಯುಗಾದಿಯ ಸುಮಾರಿಗೆ. ಯುದ್ಧ ಮುಗಿದ ಮೇಲೆ ಜೊತೆಗಾರನೊಬ್ಬ ಈ ಪಟವನ್ನು ತಂದುಕೊಟ್ಟನಂತೆ. ಹಿಂಬದಿಯಲ್ಲಿ ತೇದಿಯಿಲ್ಲ, ಊರಿಲ್ಲ. ಕಾಗದಕ್ಕೂ ಮುಂಚಿನ ಪಟವೆಂದೇ ಮನೆಯವರ ನಂಬಿಕೆ. “ಮೇಷ್ಟ್ರೇ, ಓದಿದವರು ನೀವು, ಇದು ಯಾವಾಗಿನದು ಅಂತ ಹೇಳ್ತೀರಾ?” ಎಂದು ಅಜ್ಜಿ ಕೇಳಿದರು.

ನಾನು ಕನ್ನಡ ಪಂಡಿತ. ಲಾರಿಯ ವಿಷಯ ನನಗೇನು ತಿಳಿದೀತು? ಆದರೆ ತೇದಿಯಿಲ್ಲದ ಶಾಸನದ ಕಾಲವನ್ನು ಅಕ್ಷರಗಳ ಆಕಾರದಿಂದ ನಿರ್ಣಯಿಸುವ ಕ್ರಮ ನನಗೆ ಗೊತ್ತು. ಲಾರಿಗೂ ಅಂಥದೊಂದು ಲಿಪಿ ಉಂಟೆಂಬುದು ಆಮೇಲೆ ತಿಳಿಯಿತು.

ಪಟ ಸಿಕ್ಕಿದೊಡನೆ ಎಲ್ಲರೂ ತಯಾರಕರ ಹೆಸರನ್ನು ಹುಡುಕುತ್ತಾರೆ. ಅದು ಧೂಳಿನಲ್ಲೋ ನೆರಳಿನಲ್ಲೋ ಮುಚ್ಚಿಹೋಗಿರುವುದೇ ಹೆಚ್ಚು. ಅದಕ್ಕಿಂತ ಬಾನೆಟ್ಟಿನ ಮೇಲೆ ಬಿಳಿಯ ಬಣ್ಣದಲ್ಲಿ ಬರೆದ ಸಂಖ್ಯೆಯನ್ನು ನೋಡಬೇಕು. ಬ್ರಿಟಿಷ್ ಸೈನ್ಯದ ಲೆಕ್ಕದಲ್ಲಿ ಲಾರಿ ಬೇರೆ, ಟ್ರಕ್ಕು ಬೇರೆ. ಮುಕ್ಕಾಲು ಟನ್ ಹೊರುವಂಥದು ಟ್ರಕ್ಕು. ಒಂದೂವರೆ ಟನ್ನು ಮತ್ತು ಅದಕ್ಕೂ ಮೇಲ್ಪಟ್ಟು ಹೊರುವಂಥದು ಲಾರಿ. ಲಾರಿಯ ಸಂಖ್ಯೆಯ ಹಿಂದೆ ಇಂಗ್ಲಿಷಿನ ‘ಎಲ್’ ಅಕ್ಷರ, ಟ್ರಕ್ಕಿನದಕ್ಕೆ ‘ಜೆಡ್’. ನಾವು ಎರಡನ್ನೂ ಲಾರಿಯೆಂದೇ ಕರೆದೆವು. ಆ ಮಾತು ಬೇರೆ.

ಇನ್ನು ಮೂತಿಯನ್ನು ನೋಡೋಣ. ಅಜ್ಜಿಯ ಪಟದ ಲಾರಿಗೆ ಮೂಗು ಮೊಂಡು. ಯಾರೋ ಮುಷ್ಟಿಯಿಂದ ಗುದ್ದಿ ಒಳಕ್ಕೆ ತಳ್ಳಿದಂತೆ ತೋರುತ್ತದೆ. ಇದು ಕೆನಡಾ ದೇಶದ ಮಾದರಿ. ಫೋರ್ಡ್ ಮತ್ತು ಷೆವರ್ಲೆ ಎಂಬ ಎರಡು ಹೆಸರುಗಳಲ್ಲಿ ಒಂದೇ ನಕ್ಷೆಯ ಮೇರೆಗೆ ಅಲ್ಲಿ ತಯಾರಾದ ಈ ಬಗೆಯ ವಾಹನಗಳು ಸುಮಾರು ೪ ಲಕ್ಷ. ಬ್ರಿಟನ್ನು ಮತ್ತು ಭಾರತದ ಸೈನ್ಯಗಳಿಗೂ ಇವು ಹೇರಳವಾಗಿ ಬಂದವು. ಅಮೆರಿಕ ಖಂಡದ ದೊಡ್ಡ ಎಂಜಿನ್ನನ್ನು ಗಿಡ್ಡ ಮೂತಿಯಲ್ಲಿ ಅಡಗಿಸಬೇಕಾಗಿ ಬಂದದ್ದರಿಂದ ಕ್ಯಾಬಿನ್ನಿನ ಒಳಗೆ ಬಲು ಇಕ್ಕಟ್ಟು.

ಈ ಕ್ಯಾಬಿನ್ನು ಯುದ್ಧಕಾಲದಲ್ಲಿ ಮೂರು ರೂಪಗಳನ್ನು ತಾಳಿತು. ಅವಕ್ಕೆ ೧೧, ೧೨, ೧೩ ಎಂದು ಸಂಖ್ಯೆ. ಮೊದಲಿನೆರಡರಲ್ಲಿ ಮುಂಗಾಜು ಹೆಚ್ಚುಕಡಿಮೆ ನೆಟ್ಟಗೆ ನಿಂತಿರುತ್ತದೆ. ಮೂರನೆಯದರಲ್ಲಿ ಎರಡು ಗಾಜುಗಳ ಮೇಲಂಚು ಮುಂದಕ್ಕೆ ಚಾಚಿ ಕೆಳಅಂಚು ಒಳಕ್ಕೆ ಸರಿದಿರುತ್ತದೆ, ಮನೆಯ ಸೂರು ಮುಂಚಾಚಿದಂತೆ. ಚಾಲಕನ ಕಣ್ಣಿಗೆ ಬಿಸಿಲು ಕೋರೈಸಬಾರದು, ಗಾಜಿನ ಹೊಳಪು ವೈರಿಯ ವಿಮಾನಕ್ಕೆ ಕಾಣಬಾರದು ಎಂದು ಹೀಗೆ ಮಾಡಿದರು. ಇದು ಕಾರ್ಖಾನೆಯಿಂದ ಹೊರಬೀಳತೊಡಗಿದ್ದು ೧೯೪೧ರ ಕೊನೆಯಲ್ಲಿ. ಮುಕ್ಕಾಲು ಟನ್ನಿನದಕ್ಕೂ ಮೂರು ಟನ್ನಿನದಕ್ಕೂ ಕ್ಯಾಬಿನ್ನು ಒಂದೇ. ಆದ್ದರಿಂದ ಗಾತ್ರ ತಿಳಿಯಲು ಹಿಂದಿನ ಗಾಲಿ ಎಷ್ಟು ದೂರದಲ್ಲಿದೆಯೆಂದು ನೋಡಬೇಕು.

ಬೇರೆ ದೇಶಗಳ ಲಾರಿಗಳಲ್ಲಿ ಕಾಲದ ಗುರುತು ಬಡತನದ ರೂಪದಲ್ಲಿ ಕಾಣುತ್ತದೆ. ರಷ್ಯದ ಜಿಸ್-೫ ಎಂಬ ಲಾರಿಗೆ ಯುದ್ಧಕ್ಕೆ ಮುಂಚೆ ದುಂಡಗೆ ಬಾಗಿದ ಮಡ್‌ಗಾರ್ಡುಗಳು, ಎರಡು ದೀಪಗಳು. ೧೯೪೨ರ ಹೊತ್ತಿಗೆ ಮಡ್‌ಗಾರ್ಡು ಮಡಿಸಿದ ತಗಡಾಯಿತು, ಕ್ಯಾಬಿನ್ನು ಮರದ ಹಲಗೆಯದಾಯಿತು, ದೀಪ ಒಂದೇ ಉಳಿಯಿತು. ಒಕ್ಕಣ್ಣಿನ ಆ ಲಾರಿಯನ್ನು ಕಂಡರೆ ಪಟ ಜರ್ಮನಿಯ ದಾಳಿಗೆ ಮುಂಚಿನದಲ್ಲವೆಂದು ಧೈರ್ಯವಾಗಿ ಹೇಳಬಹುದು. ಜರ್ಮನಿಯ ಓಪೆಲ್ ಬ್ಲಿಟ್ಸ್ ಲಾರಿಯ ಗತಿಯೂ ಹೀಗೆಯೇ ಆಯಿತು. ನುಣುಪಾದ ಉಕ್ಕಿನ ಕ್ಯಾಬಿನ್ನಿದ್ದ ಅದು ಯುದ್ಧದ ಕೊನೆಯಲ್ಲಿ ಮರದ ಪೆಟ್ಟಿಗೆ ಹೊತ್ತುಕೊಂಡಿತು. ಅಮೆರಿಕದ ಜಿ.ಎಂ.ಸಿ. ಆರುಗಾಲಿಯ ಲಾರಿ ೫ ಲಕ್ಷಕ್ಕೂ ಮಿಕ್ಕಿ ತಯಾರಾಯಿತು. ಅದರಲ್ಲಿ ಕ್ಯಾಬಿನ್ನಿಗೆ ಉಕ್ಕಿನ ಮಾಡಿನ ಬದಲು ಕ್ಯಾನ್‌ವಾಸ್ ಬಟ್ಟೆ ಇದ್ದರೆ ಅದು ಯುದ್ಧದ ಉತ್ತರಾರ್ಧದ್ದು.

ಎಚ್ಚರಿಕೆಯೂ ಬೇಕು. ಪಟದ ನೆಗೆಟಿವನ್ನು ಕೆಲವೊಮ್ಮೆ ತಿರುವುಮುರುವಾಗಿ ಅಚ್ಚುಹಾಕಿರುತ್ತಾರೆ. ಕೆನಡಾ ಮಾದರಿಯ ಈ ಲಾರಿಗಳಿಗೆ ಸ್ಟಿಯರಿಂಗು ಬಲಗಡೆ. ಎಡಗಡೆ ಕಂಡರೆ ಸಂಖ್ಯೆಯ ಅಕ್ಷರಗಳು ಕನ್ನಡಿಯಲ್ಲಿ ಕಂಡಂತಿವೆಯೋ ನೋಡಿ. ಸೆರೆಹಿಡಿದ ಲಾರಿಗಳನ್ನು ವೈರಿಯೂ ಓಡಿಸುತ್ತಿದ್ದನಾದ್ದರಿಂದ, ಲಾರಿಯನ್ನು ಕಂಡು ಸೈನ್ಯವನ್ನು ನಿಶ್ಚಯಿಸಲಾಗದು. ಎಲ್ಲಕ್ಕಿಂತ ಮುಖ್ಯವಾದುದು, ಲಾರಿ ಕೊಡುವ ಸಾಕ್ಷ್ಯ ಒಂದು ಕಡೆಯದು ಮಾತ್ರ. ಇಂಥ ವರ್ಷಕ್ಕೆ ಮುಂಚಿನದಲ್ಲ ಎಂದು ಅದು ಹೇಳೀತು. ಇಂಥ ವರ್ಷದ ತರುವಾಯದ್ದಲ್ಲ ಎಂದು ಹೇಳಲಾರದು. ಹಳೆಯ ಲಾರಿ ಹತ್ತು ವರ್ಷ ಓಡಿದರೂ ಓಡೀತು.

ಭೂತಗನ್ನಡಿ ಹಿಡಿದು ಅಜ್ಜಿಯ ಪಟವನ್ನು ನೋಡಿದೆ. ತರುಣನ ಹೆಗಲ ಹಿಂದೆ ಮುಂಗಾಜು ಸೂರಿನಂತೆ ಮುಂಚಾಚಿತ್ತು. ಅದು ೧೩ನೆಯ ಕ್ಯಾಬಿನ್ನು. ಹಡಗೇರಿ ಸಮುದ್ರ ದಾಟಿ ಬರುವ ಕಾಲವನ್ನೂ ಸೇರಿಸಿದರೆ ಪಟ ೧೯೪೨ಕ್ಕೆ ಮುಂಚಿನದಾಗುವುದು ಬಹುಮಟ್ಟಿಗೆ ಅಸಾಧ್ಯ.

ಇಷ್ಟನ್ನು ಹೇಳಿದೆ. ಅಜ್ಜಿ ಕೊಂಚ ಹೊತ್ತು ಸುಮ್ಮನಿದ್ದರು. “ಹಾಗಾದರೆ ಆ ಕಾಗದ ಬರೆದ ಮೇಲೂ ಅಣ್ಣಯ್ಯ ಇದ್ದ ಅನ್ನಿ” ಎಂದರು. ಭೂತಗನ್ನಡಿಯನ್ನು ಕೇಳಿ ಇಸಿದುಕೊಂಡರು, ಇನ್ನೂ ಹಿಂದಿರುಗಿಸಿಲ್ಲ.