‘ಛಲೋ ಅದ, ಓದಿ ನೋಡ್ರಿ’

ಪುಸ್ತಕವೊಂದರ ಬಗ್ಗೆ ಬೆಳಗಾವಿ ಸೀಮೆಯ ಓದುಗ ಹೇಳುವ ಅತಿ ಚಿಕ್ಕ ವಿಮರ್ಶೆ ಎರಡೇ ಮಾತಿನದು: ‘ಛಲೋ ಅದ.’ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು, ‘ಕೈಯಾಗ ಹಿಡದ್ರ ಕೆಳಗ ಇಡಾಂಗಿಲ್ಲ ನೋಡ್ರಿ.’ ಪುಸ್ತಕ ಹಿಡಿಸದಿದ್ದರೆ ಆತ ಹೆಚ್ಚು ಮಾತಾಡುವುದಿಲ್ಲ. ತಂದದ್ದನ್ನು ಮೇಜಿನ ಮೇಲಿಟ್ಟು ‘ಬ್ಯಾರೆ ಏನರೆ ಅದ ಏನ್ರಿ?’ ಎಂದು ಕೇಳುತ್ತಾನೆ. ಪತ್ರಿಕೆಗಳಲ್ಲಿ ಬರುವ ಗ್ರಂಥ ವಿಮರ್ಶೆಗೂ ಈ ಮಾತಿಗೂ ಸಂಬಂಧ ಕಡಿಮೆ. ಆದರೆ ಒಂದು ಪುಸ್ತಕ ಎಷ್ಟು ಮನೆ ಹೊಕ್ಕಿತು, ಎಷ್ಟು ವರ್ಷ ಬಾಳಿತು ಎಂಬುದನ್ನು ತೀರ್ಮಾನಿಸಿದ್ದು ಬಹುಮಟ್ಟಿಗೆ ಈ ಬಾಯಿಮಾತೇ.

ಬೆಳಗಾವಿಯಲ್ಲಿ ಈ ಬಾಯಿಮಾತಿಗೆ ಇನ್ನೊಂದು ವಿಶೇಷವಿದೆ. ಅದು ಒಂದೇ ಭಾಷೆಯಲ್ಲಿ ನಿಲ್ಲುವುದಿಲ್ಲ. ಮರಾಠಿಯಲ್ಲಿ ಓದಿದ್ದನ್ನು ಕನ್ನಡದಲ್ಲಿ ಹೊಗಳುವುದು, ಕನ್ನಡದ ಕಾದಂಬರಿಯ ಕಥೆಯನ್ನು ನೆರೆಮನೆಯವರಿಗೆ ಮರಾಠಿಯಲ್ಲಿ ಹೇಳುವುದು ಇಲ್ಲಿನ ಗಲ್ಲಿಗಳಲ್ಲಿ ಸಹಜ. ಇಲ್ಲಿನ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಕೆಲಕಾಲ ಪಾಠ ಹೇಳಿದ್ದ ಪು.ಲ. ದೇಶಪಾಂಡೆಯವರು ಬೆಳಗಾವಿಯ ತಮ್ಮ ಸ್ನೇಹಿತರೊಬ್ಬರನ್ನು ‘ರಾವಸಾಹೇಬ’ ಎಂಬ ವ್ಯಕ್ತಿಚಿತ್ರದಲ್ಲಿ ಅಮರಗೊಳಿಸಿದರು. ಆ ರಾವಸಾಹೇಬರ ಕನ್ನಡ ಬೆರೆತ ಮರಾಠಿಗೆ ಇಡೀ ಮಹಾರಾಷ್ಟ್ರ ನಕ್ಕಿತು. ಗಡಿಯ ಬಗ್ಗೆ ಸಭೆ, ಮೆರವಣಿಗೆ, ಬಂದ್‌ಗಳು ಎಷ್ಟು ನಡೆದರೂ ಸಂತೋಷಕ್ಕಾಗಿ ಓದುವವನು ಆ ಗೆರೆಯನ್ನು ದಿನಕ್ಕೆ ಹತ್ತು ಸಲ ದಾಟುತ್ತಲೇ ಬಂದಿದ್ದಾನೆ.

ಉತ್ತರ ಕರ್ನಾಟಕದಲ್ಲಿ ಕನ್ನಡ ಕಾದಂಬರಿ ಬೇರೂರಿದ್ದೇ ಈ ದಾಟುವಿಕೆಯಿಂದ ಎನ್ನಬಹುದು. 1956ರ ನವೆಂಬರ್ 1ರವರೆಗೆ ಬೆಳಗಾವಿ ಮುಂಬಯಿ ಆಡಳಿತಕ್ಕೆ ಸೇರಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಭಾಗದ ಅಕ್ಷರಸ್ಥ ಕನ್ನಡಿಗನ ಕೈಯಲ್ಲಿ ಇರುತ್ತಿದ್ದದ್ದು ಹೆಚ್ಚಾಗಿ ಮರಾಠಿ ಪುಸ್ತಕ. ಹರಿ ನಾರಾಯಣ ಆಪಟೆಯವರ ಐತಿಹಾಸಿಕ ಕಾದಂಬರಿಗಳಿಗೆ ಮನಸೋತವರಲ್ಲಿ ಕನ್ನಡ ಮನೆಮಾತಿನವರು ಬಹಳ ಮಂದಿ ಇದ್ದರು. ಅವರಿಗೆ ‘ಮರಾಠಿ ಓದಬೇಡಿ’ ಎಂದು ಉಪದೇಶ ಮಾಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ಗಳಗನಾಥರು (1869–1942) ಬೇರೆ ದಾರಿ ಹಿಡಿದರು. ಶಾಲಾ ಶಿಕ್ಷಕರಾಗಿದ್ದ ವೆಂಕಟೇಶ ತಿರಕೋ ಕುಲಕರ್ಣಿಯವರು ಆ ಓದುಗನಿಗೆ ಯಾವುದು ರುಚಿಸುತ್ತದೆ ಎಂಬುದನ್ನು ನೋಡಿ, ಅದನ್ನೇ ಕನ್ನಡದಲ್ಲಿ ಉಣಬಡಿಸಿದರು. ವಿಜಯನಗರದ ಪತನದ ಕಥೆಯಾದ ‘ಕನ್ನಡಿಗರ ಕರ್ಮಕಥೆ’ಗೆ ಮೂಲ ಆಪಟೆಯವರ ‘ವಜ್ರಾಘಾತ’. ಕನ್ನಡಿಗರ ಸಾಮ್ರಾಜ್ಯದ ದುಃಖದ ಕಥೆ ಕನ್ನಡಿಗರಿಗೆ ಮರಾಠಿಯ ಮೂಲಕ ಬಂದದ್ದು ವಿಚಿತ್ರವೆನಿಸಬಹುದು. ಅದನ್ನು ಓದಿ ಕಣ್ಣೀರು ಹಾಕಿದವರಿಗೆ ಹಾಗೇನೂ ಅನ್ನಿಸಿದಂತಿಲ್ಲ. ಪುಸ್ತಕದ ಗಂಟು ಹೊತ್ತು ಊರೂರು ಅಲೆದು ಮಾರುತ್ತಿದ್ದ ಗಳಗನಾಥರಿಗೆ ಓದುಗನ ತೀರ್ಪು ಪತ್ರಿಕೆಯಿಂದ ತಿಳಿಯಬೇಕಾಗಿರಲಿಲ್ಲ. ಮುಂದಿನ ಸಲ ಅದೇ ಊರಿಗೆ ಹೋದಾಗ ಕಟ್ಟೆಯ ಮೇಲೆ ಕುಳಿತವರೇ ಹೇಳಿಬಿಡುತ್ತಿದ್ದಿರಬೇಕು.

ಇದೇ ಕಾಲಕ್ಕೆ ಮೈಸೂರು ಸೀಮೆಯಲ್ಲಿ ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಬಂಕಿಮಚಂದ್ರರನ್ನು ತಂದುಕೊಟ್ಟರು. ಎರಡೂ ಕಡೆ ಮೊದಲು ಹುಟ್ಟಿದ್ದು ಓದುವ ಚಟ. ಸ್ವತಂತ್ರ ಕಾದಂಬರಿಗಳ ಬೆಳೆ ಬಂದದ್ದು ಅನಂತರ.

ಚಟಕ್ಕೆ ಒಂದು ಸ್ಥಳ ಬೇಕಲ್ಲ. ಬೆಳಗಾವಿಯ ಸಾರ್ವಜನಿಕ ವಾಚನಾಲಯ ಶುರುವಾದದ್ದು 1848ರಲ್ಲಿ, ರೈಲು ಈ ಊರಿಗೆ ಬರುವುದಕ್ಕೂ ಬಹಳ ಮೊದಲು. ಮುಂದೆ 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಿಂದ ಸರಕಾರಿ ಗ್ರಂಥಾಲಯಗಳು ಬಂದವು. ನಡುವೆ ಬಾಡಿಗೆಗೆ ಪುಸ್ತಕ ಕೊಡುವ ಸಣ್ಣ ಅಂಗಡಿಗಳೂ ಇದ್ದವು. ಇಂಥ ಕಡೆ ಪುಸ್ತಕದ ಕೊನೆಯ ಪುಟಕ್ಕೆ ಅಂಟಿಸಿದ ತಾರೀಖಿನ ಚೀಟಿಯನ್ನು ನೋಡಿದವರಿಗೆ ಗೊತ್ತು: ಅದಕ್ಕಿಂತ ಪ್ರಾಮಾಣಿಕವಾದ ವಿಮರ್ಶೆ ಇನ್ನೊಂದಿಲ್ಲ. ಪ್ರಶಸ್ತಿ ಪಡೆದ ಗ್ರಂಥದ ಚೀಟಿಯಲ್ಲಿ ಮೂರು ಮುದ್ರೆ, ರಟ್ಟು ಕಿತ್ತುಹೋದ ಪತ್ತೇದಾರಿ ಕಾದಂಬರಿಯಲ್ಲಿ ಚೀಟಿಯ ಮೇಲೊಂದು ಚೀಟಿ. ಅಂಚಿನಲ್ಲಿ ಪೆನ್ಸಿಲ್ಲಿನ ಅಭಿಪ್ರಾಯಗಳು ಬೇರೆ. ಇಪ್ಪತ್ತನೆಯ ಪುಟದಲ್ಲೇ ಕೊಲೆಗಾರನ ಹೆಸರು ಬರೆದಿಡುವ ಕಿಡಿಗೇಡಿಯೂ ಒಂದು ಬಗೆಯ ವಿಮರ್ಶಕನೇ; ಆತನಿಗೆ ಕ್ಷಮೆಯಿಲ್ಲ ಅಷ್ಟೆ.

ಪತ್ತೇದಾರಿಯ ಮಾತು ಬಂದಾಗ ಎರಡು ಹೆಸರುಗಳನ್ನು ಒಟ್ಟಿಗೆ ಹೇಳಬೇಕು. ಕನ್ನಡದಲ್ಲಿ ಎನ್. ನರಸಿಂಹಯ್ಯ (1925–2011), ಮರಾಠಿಯಲ್ಲಿ ಬಾಬುರಾವ್ ಅರ್ನಾಳಕರ್ (1907–1996). ಹೆಚ್ಚು ಶಾಲೆ ಕಲಿಯದ ನರಸಿಂಹಯ್ಯನವರು ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿ ನೂರಾರು ಕಾದಂಬರಿ ಬರೆದರು. ಅರ್ನಾಳಕರರ ಲೆಕ್ಕ ಸಾವಿರ ದಾಟಿತು. ಎರಡೂ ಕಡೆಯ ವಿದ್ವಾಂಸರು ಇವರನ್ನು ಸಾಹಿತ್ಯ ಚರಿತ್ರೆಯ ಹೊರಬಾಗಿಲಲ್ಲೇ ನಿಲ್ಲಿಸಿದರು. ಎರಡೂ ಭಾಷೆ ಬಲ್ಲ ಓದುಗನಿಗೆ ಮಾತ್ರ ಇವರನ್ನು ಒರೆಗೆ ಹಚ್ಚಿ ನೋಡುವ ಸುಖವಿತ್ತು: ಯಾರ ಪತ್ತೇದಾರ ಚುರುಕು, ಯಾರ ಕಳ್ಳ ಜಾಣ? ತೌಲನಿಕ ಸಾಹಿತ್ಯ ಎಂದು ವಿಶ್ವವಿದ್ಯಾಲಯಗಳಲ್ಲಿ ಕಲಿಸುವುದು ಇದನ್ನೇ ಅಲ್ಲವೆ?

ಮನೆಯ ಹೆಣ್ಣುಮಕ್ಕಳ ತೀರ್ಪು ಬೇರೆ ಕಡೆಗಿತ್ತು. ಬೀಳಗಿಯಲ್ಲಿ ಹುಟ್ಟಿ ಶಿಕ್ಷಕರಾಗಿದ್ದ ಕೃಷ್ಣಮೂರ್ತಿ ಪುರಾಣಿಕರ ಸಂಸಾರದ ಕಥೆಗಳು ಮಧ್ಯಾಹ್ನದ ಹೊತ್ತು ಒಬ್ಬರು ಓದಿ ನಾಲ್ವರು ಕೇಳುವಂಥವು. ಅವರ ‘ಧರ್ಮದೇವತೆ’ 1962ರಲ್ಲಿ ‘ಕರುಣೆಯೇ ಕುಟುಂಬದ ಕಣ್ಣು’ ಎಂಬ ಚಿತ್ರವಾಯಿತು. ಮರುವರ್ಷ ‘ಕುಲವಧು’, 1977ರಲ್ಲಿ ‘ಸನಾದಿ ಅಪ್ಪಣ್ಣ’. ಇನ್ನು ಗೋಕಾಕ ತಾಲೂಕಿನ ಮಲಾಮರಡಿಯ ಬಸವರಾಜ ಕಟ್ಟೀಮನಿಯವರನ್ನು (1919–1989) ಓದಿದ ಮೇಲೆ ‘ಛಲೋ ಅದ’ ಎಂದು ಸುಮ್ಮನಾಗುವಂತಿರಲಿಲ್ಲ. ‘ಜರತಾರಿ ಜಗದ್ಗುರು’ವಿನ ಹೆಸರು ತೆಗೆದರೆ ಒಂದೇ ಮನೆಯ ಪಡಸಾಲೆಯಲ್ಲಿ ಎರಡು ಪಕ್ಷಗಳಾಗುತ್ತಿದ್ದವು. 1980ರಲ್ಲಿ ಬೆಳಗಾವಿಯಲ್ಲೇ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.

ಮಕ್ಕಳ ಲೋಕಕ್ಕೆ ಬಂದರೆ ದ್ವಿಭಾಷೆಯ ಆಟ ಇನ್ನೂ ಸೊಗಸು. ಮದರಾಸಿನಲ್ಲಿ 1947ರ ಜುಲೈನಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭವಾದ ‘ಚಂದಮಾಮ’ ಮುಂದಿನ ಕೆಲವೇ ವರ್ಷಗಳಲ್ಲಿ ಕನ್ನಡಕ್ಕೂ, ‘ಚಾಂದೋಬಾ’ ಎಂಬ ಹೆಸರಿನಿಂದ ಮರಾಠಿಗೂ ಬಂತು. ಕಥೆ ಅದೇ, ಚಿತ್ರ ಅದೇ, ಅಕ್ಷರ ಮಾತ್ರ ಬೇರೆ. ಖಡೇಬಝಾರಿನ ಒಂದು ಮನೆಗೆ ಕನ್ನಡದ್ದು, ಪಕ್ಕದ ಮನೆಗೆ ಮರಾಠಿಯದು ಬಂದರೆ ಎರಡೂ ಮನೆಯ ಹುಡುಗರು ಪುಟಕ್ಕೆ ಪುಟ ಇಟ್ಟು ನೋಡಬಹುದಿತ್ತು. ಇನ್ನೊಂದು ಭಾಷೆಯ ಲಿಪಿ ಹೀಗೆ ಚಿತ್ರಗಳ ನಡುವಿನಿಂದ ತಾನಾಗಿಯೇ ಕಣ್ಣಿಗೆ ಇಳಿಯುತ್ತಿತ್ತು. ವಿಕ್ರಮನ ಹೆಗಲೇರಿದ ಬೇತಾಳನ ಮೂಲ ಕಥೆಗಳು ಇಪ್ಪತ್ತೈದೇ. ‘ಚಂದಮಾಮ’ ಅವನನ್ನು ದಶಕಗಳ ಕಾಲ ಮರದಿಂದ ಇಳಿಸುತ್ತಲೇ ಇತ್ತು, ಯಾರೂ ಲೆಕ್ಕ ಕೇಳಲಿಲ್ಲ.

ಈ ನಡುವೆ ಇನ್ನೊಬ್ಬ ಬೇತಾಳ ಬಂದ. 1964ರಲ್ಲಿ ಟೈಮ್ಸ್ ಆಫ್ ಇಂಡಿಯಾ ಬಳಗ ಹೊರತಂದ ಇಂದ್ರಜಾಲ ಕಾಮಿಕ್ಸ್‌ನಲ್ಲಿ ಲೀ ಫಾಕ್‌ನ ಫ್ಯಾಂಟಮ್‌ಗೆ ಮರಾಠಿಯಲ್ಲಿ ಇಟ್ಟ ಹೆಸರು ‘ವೇತಾಳ’. ಕನ್ನಡದ ಹುಡುಗನಿಗೆ ಅವನು ಫ್ಯಾಂಟಮ್, ಮರಾಠಿ ಗೆಳೆಯನಿಗೆ ವೇತಾಳ. ಒಬ್ಬನ ಬೇತಾಳ ಹೆಣದೊಳಗಿದ್ದು ಒಗಟು ಹೇಳುವವನು, ಇನ್ನೊಬ್ಬನ ವೇತಾಳ ಬಿಳಿ ಕುದುರೆ ಏರಿ ಕಡಲ್ಗಳ್ಳರನ್ನು ಬಡಿಯುವವನು. ಶಾಲೆಯ ಜಗಲಿಯಲ್ಲಿ ಈ ಕುರಿತು ಎಂಥ ವಾದಗಳು ನಡೆದಿರಬಹುದು ಎಂದು ಊಹಿಸಿಕೊಳ್ಳಿ. 1990ರಲ್ಲಿ ಇಂದ್ರಜಾಲ ನಿಂತಿತು. ‘ಚಂದಮಾಮ’ ಹೊಸ ಶತಮಾನದಲ್ಲಿ ಕುಂಟುತ್ತ ಸಾಗಿ ಕಣ್ಮರೆಯಾಯಿತು.

ಚಿತ್ರಕಥೆಗಳ ಚರಿತ್ರೆಯಲ್ಲಿ ಕನ್ನಡಕ್ಕೊಂದು ದೊಡ್ಡ ಪಾಲಿದೆ. ಅದು ನಮಗೇ ಮರೆತುಹೋಗಿದೆ. ಅಮರ ಚಿತ್ರ ಕಥೆ ಎಂದೊಡನೆ ಕಾರ್ಕಳದ ಅನಂತ ಪೈ ನೆನಪಾಗುತ್ತಾರೆ, ಅದು ನ್ಯಾಯವೇ. ಆದರೆ ಇಂಗ್ಲಿಷಿನ ಅಮರ ಚಿತ್ರ ಕಥೆ ಒಂದನೆಯ ಸಂಖ್ಯೆಯಿಂದ ಆರಂಭವಾಗದೆ ‘ಕೃಷ್ಣ’ದ ಹನ್ನೊಂದರಿಂದ ಆರಂಭವಾಗಲು ಕಾರಣ, ಮೊದಲ ಹತ್ತು ಕನ್ನಡದಲ್ಲಿ ಬಂದದ್ದು. 1965ರಲ್ಲಿ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಪಾಶ್ಚಾತ್ಯ ಜನಪ್ರಿಯ ಕಥೆಗಳ ಹತ್ತು ಚಿತ್ರಪುಸ್ತಕಗಳನ್ನು ಕನ್ನಡದಲ್ಲಿ ತರಿಸಿದರು. ಅವು ಚೆನ್ನಾಗಿ ಖರ್ಚಾದವು. ಆ ಗೆಲುವು ಮುಂದಿನ ದಾರಿಗೆ ಧೈರ್ಯ ಕೊಟ್ಟಿತು. ಸಿಂಡರೆಲ್ಲಾಳ ಬೂಟಿನ ಕಥೆ ಕನ್ನಡದ ಮಕ್ಕಳಿಗೆ ಹಿಡಿಸದಿದ್ದರೆ ಏನಾಗುತ್ತಿತ್ತೋ!

ದೊಡ್ಡವರ ಸಾಹಿತ್ಯದಲ್ಲೂ ಇಂಥದೊಂದು ಸಾಲವಿದೆ. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆ ನಡೆದದ್ದು ಚಂದಾದಾರರ ಬಲದ ಮೇಲೆ. ಹಣ ಮೊದಲು, ಪುಸ್ತಕ ಆಮೇಲೆ. ಚಂದಾ ಕಟ್ಟಿದವರಲ್ಲಿ ಬಹುಪಾಲು ಜನ ಒಳ್ಳೆಯದೊಂದು ಕಾದಂಬರಿ ಓದುವ ಆಸೆಯ ಶಿಕ್ಷಕರು, ಗುಮಾಸ್ತರು, ವಕೀಲರು. ಅಂಥವರಿಗೆ ಮಾಲೆ 1961ರಲ್ಲಿ ಗಿರೀಶ ಕಾರ್ನಾಡರ ‘ಯಯಾತಿ’ಯನ್ನೂ 1965ರಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ವನ್ನೂ ಕಳುಹಿಸಿತು. ಎಲ್ಲರೂ ‘ಛಲೋ ಅದ’ ಎಂದಿರಲಾರರು. ಆದರೂ ರಂಜನೆಗಾಗಿ ಓದುವವನ ಹಣದಿಂದಲೇ ನವ್ಯದ ಕೆಲವು ದೊಡ್ಡ ಕೃತಿಗಳು ಅಚ್ಚಾದವು ಎಂಬುದನ್ನು, ಜನಪ್ರಿಯ ಓದನ್ನು ಹಗುರವಾಗಿ ಕಾಣುವವರು ಒಮ್ಮೆ ನೆನೆಯಬೇಕು.

ಪಟ್ಟಣದ ಮಾತು ಇಷ್ಟಾಯಿತು. ಬೆಳಗಾವಿಯಿಂದ ದೇಸೂರು, ಇದಲಹೊಂಡ ದಾಟಿ ರೈಲು ಖಾನಾಪುರ ತಲುಪುವಷ್ಟರಲ್ಲಿ ಗಿಡಗಂಟಿ ದಟ್ಟವಾಗುತ್ತದೆ. ಮುಂದೆ ಗುಂಜಿ, ಲೋಂಡಾದ ಕಡೆಗೆ ಕಾಡೇ ಕಾಡು. ಮಳೆಗಾಲದಲ್ಲಿ ಇಲ್ಲಿನ ಹಳ್ಳಿಗಳಿಗೆ ಬಸ್ಸೇ ಕಷ್ಟ, ಪುಸ್ತಕದ ಮಾತೆಲ್ಲಿ? ತಾಲೂಕಿನ ಬಹಳಷ್ಟು ಮನೆಗಳಲ್ಲಿ ಮಾತು ಮರಾಠಿ. ಕನ್ನಡ ಶಾಲೆ ಮತ್ತು ಮರಾಠಿ ಶಾಲೆ ಎರಡೂ ಇವೆ. ಓದಿದ್ದನ್ನು ಹಂಚಿಕೊಳ್ಳುವ ಪ್ರಶ್ನೆ ನಿಜವಾಗಿ ಕಠಿಣವಾಗುವುದು ಇಲ್ಲಿ. ಮಧ್ಯಾಹ್ನ ಒಟ್ಟಿಗೆ ಆಡುವ ಇಬ್ಬರು ಹುಡುಗಿಯರು ಬೇರೆ ಬೇರೆ ಲಿಪಿ ಕಲಿಯುತ್ತಿದ್ದರೆ, ಒಬ್ಬಳು ಓದಿದ ಪುಸ್ತಕವನ್ನು ಇನ್ನೊಬ್ಬಳ ಕೈಗೆ ಕೊಡುವುದು ಹೇಗೆ?

2020ರ ನವೆಂಬರ್ 14ರಂದು, ಕೊರೊನಾದಿಂದ ಶಾಲೆ ಮುಚ್ಚಿದ್ದ ಕಾಲದಲ್ಲಿ, ರಾಜ್ಯದ ಗ್ರಾಮೀಣಾಭಿವೃದ್ಧಿ ಇಲಾಖೆ ‘ಓದುವ ಬೆಳಕು’ ಕಾರ್ಯಕ್ರಮ ಆರಂಭಿಸಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಆ ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ ಎಂಬ ಹೆಸರು. ಕಪಾಟಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ದಪ್ಪ ಪುಸ್ತಕಗಳಿಗೆ ಸಿಗುವ ಮರ್ಯಾದೆ ಚಿತ್ರಕಥೆಗೆ ಸಿಗುವುದಿಲ್ಲ ಎಂಬುದು ನನ್ನ ದೂರು. ನೌಕರಿಗಾಗಿ ಓದುವವನು ಓದಿದ್ದರ ಬಗ್ಗೆ ಯಾರ ಹತ್ತಿರವೂ ಹರಟುವುದಿಲ್ಲ, ಪರೀಕ್ಷೆ ಮುಗಿದರೆ ಪುಸ್ತಕವೂ ಮುಗಿಯಿತು.

ಆ ಇಬ್ಬರು ಹುಡುಗಿಯರಿಗೆ ಬೇಕಾದದ್ದು ಮಾತ್ರ ಮತ್ತೆ ಹುಟ್ಟಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ನಲ್ಲಿ ಮಕ್ಕಳ ಚಿತ್ರಪುಸ್ತಕಗಳು ಹಲವು ಭಾಷೆಗಳಲ್ಲಿ ಪುಕ್ಕಟೆಯಾಗಿ ಸಿಗುತ್ತವೆ, ಯಾರು ಬೇಕಾದರೂ ಮುದ್ರಿಸಿಕೊಳ್ಳಬಹುದು. ಕನ್ನಡದ ಪ್ರತಿ, ಮರಾಠಿಯ ಪ್ರತಿ. ಚಿತ್ರ ಅದೇ, ಪುಟ ಅದೇ. ಹಳೆಯ ‘ಚಂದಮಾಮ’, ‘ಚಾಂದೋಬಾ’ಗಳ ಹಾಗೆಯೇ. ಖಾನಾಪುರದ ಒಂದು ಅರಿವು ಕೇಂದ್ರದಲ್ಲಿ ಅಂಥ ಇಪ್ಪತ್ತು ಜೋಡಿ ಪುಸ್ತಕಗಳನ್ನು ಹೊಲಿದು ಇಡಲು ತಗಲುವ ಖರ್ಚು ಒಂದು ಬ್ಯಾನರಿನದಕ್ಕಿಂತ ಹೆಚ್ಚಾಗಲಾರದು. ಜೊತೆಗೊಂದು ನೂರು ಪುಟದ ನೋಟಬುಕ್ಕು, ದಾರ ಕಟ್ಟಿದ ಪೆನ್ಸಿಲ್ಲು ಇಟ್ಟರೆ ಯಾವ ಪುಸ್ತಕ ಛಲೋ, ಯಾವುದು ಬೇಡ ಎಂದು ಆ ಹುಡುಗಿಯರೇ ತಮ್ಮ ತಮ್ಮ ಲಿಪಿಯಲ್ಲಿ ಬರೆದಿಡುತ್ತಾರೆ.