ಗಣಿಗೆ ಮುಂಚೆ ಊರನ್ನು ಕೇಳುವವರು ಯಾರು?

ಚಿಲಮತ್ತೂರಿನ ಕಡೆ ಕೊಳವೆಬಾವಿ ಕೊರೆಸುವ ಮುಂಚೆ ಪಕ್ಕದ ಹೊಲದವರನ್ನು ಒಂದು ಮಾತು ವಿಚಾರಿಸುವುದುಂಟು. ನಿಮಗೆ ಎಷ್ಟು ಅಡಿಗೆ ನೀರು ಬಿತ್ತು, ಸಿಹಿಯೋ ಉಪ್ಪೋ, ಬೇಸಗೆಯಲ್ಲಿ ನಿಲ್ಲುತ್ತದೆಯೋ? ಒಂದು ಬಾವಿಗೇ ಇಷ್ಟು ಕೇಳುವ ನಾವು, ಊರಿನ ಕೆಳಗೆ ಯುರೇನಿಯಂ ಗಣಿ ತೋಡುವುದಾದರೆ ಏನೆಲ್ಲ ಕೇಳಬೇಕಾಗುತ್ತದೆ!

ಪ್ರಿಯ ಓದುಗರೇ, ಇದು ಎಲ್ಲೋ ದೂರದ ಮಾತಲ್ಲ. ಹಿಂದೂಪುರದಿಂದ ಕದಿರಿ ದಾಟಿ ಪುಲಿವೆಂದುಲದತ್ತ ಹೋದರೆ ಕಡಪ ಜಿಲ್ಲೆಯ ವೇಮುಲ ಮಂಡಲದಲ್ಲಿ ತುಮ್ಮಲಪಲ್ಲೆ ಸಿಗುತ್ತದೆ. ಕೇಂದ್ರ ಸರ್ಕಾರದ ಯುರೇನಿಯಂ ಕಾರ್ಪೊರೇಷನ್ ಅಲ್ಲಿ ಗಣಿ ತೆರೆಯುವ ಮುನ್ನ, 2006ರ ಸೆಪ್ಟೆಂಬರ್ 10ರಂದು ಸಾರ್ವಜನಿಕ ಅಹವಾಲು ಸಭೆ ನಡೆಯಿತು. ತೆಲುಗಿನಲ್ಲಿ ಇದಕ್ಕೆ ‘ಪ್ರಜಾಭಿಪ್ರಾಯ ಸೇಕರಣ’ ಎನ್ನುತ್ತಾರೆ. ಹೆಸರೇನೋ ಚೆನ್ನಾಗಿದೆ.

ಅದಾದ ನಾಲ್ಕೇ ದಿನಕ್ಕೆ, ಸೆಪ್ಟೆಂಬರ್ 14ರಂದು, ಪರಿಸರ ಪರಿಣಾಮ ಅಧ್ಯಯನದ ಹೊಸ ಅಧಿಸೂಚನೆ ಹೊರಬಿತ್ತು. ಅದರ ಪ್ರಕಾರ ಸಭೆಗೆ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ದೊರೆಯಬೇಕು. ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಅಧ್ಯಕ್ಷತೆ ವಹಿಸಬೇಕು. ಕೊನೆಗೆ ಯಾರು ಏನು ಹೇಳಿದರೆಂಬುದನ್ನು ಜನರ ಭಾಷೆಯಲ್ಲೇ ಓದಿ ಹೇಳಬೇಕು. ಎಷ್ಟು ಜನ ಬರಬೇಕೆಂಬ ಕೋರಂ ಮಾತ್ರ ಇಲ್ಲ. ಅಲ್ಲಿ ಮತ ಹಾಕುವಂತೆಯೂ ಇಲ್ಲ, ತೀರ್ಮಾನ ದೆಹಲಿಯದು. ಆದರೂ ಬಡ ರೈತನೊಬ್ಬ ಎದ್ದು ನಿಂತು ಕೇಳಿದ ಪ್ರಶ್ನೆ ಸರ್ಕಾರದ ಕಡತ ಸೇರುತ್ತಿತ್ತು. ಇದನ್ನು ಸಣ್ಣ ವಿಷಯವೆಂದು ನಾವು ತಿಳಿಯಬಾರದು.

ಕೇಳಬೇಕಾದ ದೊಡ್ಡ ಪ್ರಶ್ನೆ ಗಣಿಯ ಗುಂಡಿಯದಲ್ಲ, ಕೆಸರಿನದು. ತುಮ್ಮಲಪಲ್ಲೆಯ ಒಂದು ಟನ್ ಅದಿರಿನಲ್ಲಿ ಯುರೇನಿಯಂ ಅರ್ಧ ಕಿಲೋಗಿಂತಲೂ ಕಡಿಮೆ. ಮಿಕ್ಕಿದ್ದೆಲ್ಲ ಪುಡಿಯಾಗಿ, ಸೋಡಿಯಂ ಲವಣಗಳ ನೀರಿನೊಂದಿಗೆ ತ್ಯಾಜ್ಯದ ಕೊಳ ಸೇರುತ್ತದೆ. ಅದಿರಿನಲ್ಲಿದ್ದ ವಿಕಿರಣದ ಬಹುಪಾಲು ಅಲ್ಲೇ ಉಳಿಯುತ್ತದೆ. ಅದರೊಳಗಿನ ರೇಡಿಯಂ ಅರ್ಧದಷ್ಟಾಗಲು ಸುಮಾರು 1600 ವರ್ಷ ಬೇಕು. ಕಂಪನಿಯ ಗುತ್ತಿಗೆ ಎಷ್ಟು ವರ್ಷದ್ದು, ಕೊಳದ ಕಾವಲು ಎಷ್ಟು ವರ್ಷದ್ದು? ಮನೆಗೊಂದು ಕೆಲಸ, ಎಕರೆಗಿಷ್ಟು ಪರಿಹಾರ ಎಂಬ ಮಾತಿನ ನಡುವೆ ಇಂಥ ಪ್ರಶ್ನೆಗೆ ಬಾಯಿ ಬರುವುದು ಕಷ್ಟ. ಬಡವರನ್ನು ನಾವು ದೂರುತ್ತಿಲ್ಲ. ಮಳೆ ಕೈಕೊಟ್ಟ ಸೀಮೆಯಲ್ಲಿ ತಿಂಗಳ ಸಂಬಳವೆಂದರೆ ಏನೆಂದು ನಾವೂ ಬಲ್ಲೆವು.

2012ರಲ್ಲಿ ಘಟಕ ಆರಂಭವಾಯಿತು. ಕೆಲವೇ ವರ್ಷಗಳಲ್ಲಿ, ತ್ಯಾಜ್ಯದ ಕೊಳಕ್ಕೆ ಸಮೀಪದ ಕೊಟ್ಟಾಲದ ರೈತರು ಬೋರಿನ ನೀರು ಕೆಟ್ಟಿದೆ, ಬಾಳೆ ಒಣಗುತ್ತಿದೆ ಎಂದು ದೂರಿದರು. 2019ರಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು ಕೊಳದ ತಳಕ್ಕೆ ಹಾಕಬೇಕಿದ್ದ ಪದರದ ಬಗ್ಗೆ ಕಂಪನಿಗೆ ನೋಟೀಸು ಕೊಟ್ಟಿತು. ಕಂಪನಿ ತನ್ನಿಂದ ತಪ್ಪಾಗಿಲ್ಲವೆಂದಿತು. ನಲ್ಗೊಂಡದ ಲಂಬಾಪುರ-ಪೆದ್ದಗಟ್ಟಿನ ಕಥೆಯೇ ಬೇರೆ. ನಾಗಾರ್ಜುನಸಾಗರದ ಸನಿಹವಿದ್ದ ಆ ಯೋಜನೆಗೆ 2003ರ ಅಹವಾಲು ಸಭೆಯಿಂದಲೇ ಜನ ಬಲವಾಗಿ ವಿರೋಧಿಸಿದರು. ಅಲ್ಲಿ ಗಣಿ ಏಳಲಿಲ್ಲ.

ಈಗ ಆ ಸಭೆಯೇ ಇಲ್ಲವಾಗಿದೆ. 2025ರ ಸೆಪ್ಟೆಂಬರ್ 8ರಂದು ಕೇಂದ್ರ ಪರಿಸರ ಸಚಿವಾಲಯವು ಪರಮಾಣು ಖನಿಜಗಳ ಗಣಿಗಳಿಗೆ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ ಕೊಟ್ಟಿತು. ದೇಶದ ರಕ್ಷಣೆ, ಇಂಧನದ ಅಗತ್ಯ ಎಂಬುದು ಅವರ ಕಾರಣ. ದೇಶಕ್ಕೆ ವಿದ್ಯುತ್ ಬೇಡವೆಂದು ನಾವೂ ಹೇಳುವುದಿಲ್ಲ. ಆದರೆ ಬಾವಿ ಕೆಡುವುದು ಯಾರದೋ, ಅವರನ್ನು ಕೇಳಿದರೆ ಯಾವ ರಕ್ಷಣೆಗೆ ಧಕ್ಕೆ? ಪೋಪ್ ಫ್ರಾನ್ಸಿಸ್‌ರವರು 2015ರ ‘ಲೌದಾತೊ ಸಿ’ ಪತ್ರದಲ್ಲಿ ಪರಿಸರ ಪರಿಣಾಮ ಅಧ್ಯಯನವನ್ನು ಪ್ರಸ್ತಾಪಿಸಿ, ಆ ಚರ್ಚೆಯಲ್ಲಿ ಸ್ಥಳೀಯ ಜನರಿಗೆ ವಿಶೇಷ ಸ್ಥಾನವಿರಬೇಕೆಂದು ಬರೆದಿದ್ದರು.

ಸಭೆ ಇಲ್ಲದಿದ್ದರೂ ಮಾಡಬಹುದಾದ ಕೆಲಸವೊಂದಿದೆ. ನಮ್ಮ ಗಡಿಯಾಚೆ, ಕರ್ನಾಟಕದ ಪೂರ್ವ ಜಿಲ್ಲೆಗಳ ಕೊಳವೆಬಾವಿಗಳಲ್ಲಿ, ಗಣಿಯೇ ಇಲ್ಲದೆಯೂ ಬಂಡೆಯಿಂದ ಬಂದ ಯುರೇನಿಯಂ ಕಂಡುಬಂದಿದೆ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ನಾಳೆ ಯಾವುದೇ ಊರಲ್ಲಿ ಗಣಿ ಬಂದು ನೀರು ಕೆಟ್ಟರೆ, “ಇದು ಮೊದಲಿನಿಂದಲೂ ಹೀಗೇ ಇತ್ತು” ಎನ್ನುವುದು ಸುಲಭ. ಆದ್ದರಿಂದ ಸರ್ವೆಯವರು ಊರಿಗೆ ಬಂದು ಕೊರೆಯತೊಡಗುವ ಮುಂಚೆಯೇ ಪಂಚಾಯಿತಿಯಿಂದ ಬಾವಿಗಳ ನೀರನ್ನು ಪರೀಕ್ಷೆ ಮಾಡಿಸಿ, ದಿನಾಂಕ ಮತ್ತು ಮೊಹರು ಇರುವ ಆ ಕಾಗದವನ್ನು ಪಹಣಿಯ ಜೊತೆಯಲ್ಲೇ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳೋಣ.